ಒಂದು ಬಿಟ್‌ಗೆ ಎಷ್ಟು ಜಾಗ ಬೇಕು?

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನ 50 ತಟ್ಟೆಗಳು ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು. ಮೂರು ವರ್ಷ ಕಳೆದ ಮೇಲೆ, 1959ರ ಡಿಸೆಂಬರ್‌ನಲ್ಲಿ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಭಾಷಣದಲ್ಲಿ ಬೇರೊಂದು ಲೆಕ್ಕ ಮುಂದಿಟ್ಟರು. ಉದ್ದ, ಅಗಲ, ಎತ್ತರಗಳಿಗೆ ಐದೈದರಂತೆ 125 ಪರಮಾಣುಗಳಲ್ಲಿ ಒಂದು ಬಿಟ್ ಬರೆದರೆ, ಜಗತ್ತಿನ 2.4 ಕೋಟಿ ಪುಸ್ತಕಗಳೂ ಕಂಡೂ ಕಾಣದಂಥ ಒಂದು ಧೂಳಿನ ಕಣದಲ್ಲಿ ಅಡಗುತ್ತವೆ. ಒಂದೇ ಪರಮಾಣು ಸಾಲದೆ 125 ಏಕೆ? ಶಾಖದಿಂದಾಗಿ ಪರಮಾಣುಗಳು ಜಾಗ ಬಿಟ್ಟು ಅಲೆಯುತ್ತವೆ. ಕೆಲವು ಅಲೆದರೂ ಬರೆದದ್ದು ಅಳಿಯಬಾರದು ಎಂದು ಅವರು ಕೈಬಿಚ್ಚಿ ಕೊಟ್ಟ ಜಾಗ ಅದು.

ಆ ಎಚ್ಚರಿಕೆಯೇ ನನಗೆ ಭಾಷಣದ ಮುಖ್ಯ ಮಾತಾಗಿ ಕಾಣುತ್ತದೆ. ಸಂಗ್ರಹ ಸಾಮರ್ಥ್ಯದ ಮಿತಿ ಇರುವುದು ಚಿಕ್ಕದಾಗಿ ಬರೆಯುವುದರಲ್ಲಲ್ಲ, ಬರೆದದ್ದನ್ನು ಶಾಖದಿಂದ ಕಾಪಾಡುವುದರಲ್ಲಿ.

ಹಾರ್ಡ್ ಡಿಸ್ಕ್‌ನ ಇತಿಹಾಸವೇ ಇದಕ್ಕೆ ಸಾಕ್ಷಿ. ಅಲ್ಲಿ ಒಂದು ಬಿಟ್ ಎಂದರೆ ಒಂದೇ ದಿಕ್ಕಿಗೆ ಕಾಂತತ್ವ ಪಡೆದ ಸೂಕ್ಷ್ಮ ಕಣಗಳ ಗುಂಪು. ಕಣ ಚಿಕ್ಕದಾದಷ್ಟೂ ಅದರ ದಿಕ್ಕನ್ನು ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಒಂದು ಹಂತ ದಾಟಿದರೆ ಕೋಣೆಯ ಸಾಮಾನ್ಯ ಶಾಖವೇ ಅದನ್ನು ತಿರುಗಿಸಿಬಿಡುತ್ತದೆ. ಈ ಆಧಾರದ ಮೇಲೆ 1997ರಲ್ಲಿ ಸ್ಟಾನ್ಲಿ ಚಾರಪ್ ಮತ್ತು ಸಂಗಡಿಗರು ಚದರ ಇಂಚಿಗೆ 36 ಗಿಗಾಬಿಟ್ ಕೊನೆಯ ಗೆರೆ ಎಂದು ಅಂದಾಜಿಸಿದರು. ಕೆಲವೇ ವರ್ಷಗಳಲ್ಲಿ ಉದ್ಯಮ ಆ ಗೆರೆ ದಾಟಿತು. ಇಂದಿನ ಡಿಸ್ಕ್‌ಗಳಲ್ಲಿ ಅದು ಸಾವಿರ ಗಿಗಾಬಿಟ್ ಮೀರಿದೆ. ಹಾಗೆಂದು ಚಾರಪ್ ಭೌತವಿಜ್ಞಾನದಲ್ಲಿ ಎಡವಿದರು ಎನ್ನುವಂತಿಲ್ಲ. ಅವರು ಲೆಕ್ಕ ಹಾಕಿದ್ದು ಕಾಂತಕಣಗಳು ತಟ್ಟೆಯ ಮೇಲೆ ಅಡ್ಡ ಮಲಗಿದ್ದ ಕಾಲದಲ್ಲಿ. 2005ರಿಂದ ಅವನ್ನು ನೆಟ್ಟಗೆ ನಿಲ್ಲಿಸಿದ ಡಿಸ್ಕ್‌ಗಳು ಮಾರುಕಟ್ಟೆಗೆ ಬಂದವು. ಆಮೇಲೆ, ಸುಲಭಕ್ಕೆ ದಿಕ್ಕು ಬದಲಿಸದ ಗಟ್ಟಿ ಮಿಶ್ರಲೋಹ ಬಂತು. ಅದು ಎಷ್ಟು ಗಟ್ಟಿ ಎಂದರೆ ಬರೆಯುವ ಕಾಂತಕ್ಕೂ ಜಗ್ಗುವುದಿಲ್ಲ. ಹಾಗಾಗಿ ಬರೆಯುವ ಗಳಿಗೆಗೆ ಮಾತ್ರ ಆ ಚುಕ್ಕೆಯನ್ನು ಲೇಸರ್‌ನಿಂದ 400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸುತ್ತಾರೆ. ತಣಿದ ಮೇಲೆ ಬರಹ ಗಟ್ಟಿಯಾಗುತ್ತದೆ. 2024ರಲ್ಲಿ ಸೀಗೇಟ್ ಪ್ರಕಟಿಸಿದ 30 ಟೆರಾಬೈಟ್ ಡಿಸ್ಕ್‌ಗಳ ಹಿಂದಿರುವುದು ಇದೇ. ಬಿಟ್ಟನ್ನು ಅಳಿಸುತ್ತಿದ್ದ ಶಾಖವನ್ನೇ ಬರೆಯುವ ಕೆಲಸಕ್ಕೆ ಹಚ್ಚಿದ ಈ ಉಪಾಯ ನನಗೆ ಇಂದಿಗೂ ಬೆರಗು.

ಪ್ರಯೋಗಾಲಯಗಳು ಇನ್ನೂ ಕೆಳಗಿಳಿದಿವೆ. 2016ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು ತಾಮ್ರದ ಮೇಲೆ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಒಂದು ಕಿಲೋಬೈಟ್ ಬರೆದರು. ಅದರಲ್ಲಿ ಫೈನ್‌ಮನ್ ಭಾಷಣದ ತುಣುಕೂ ಇತ್ತು. ಸಾಂದ್ರತೆ ಚದರ ಇಂಚಿಗೆ 500 ಟೆರಾಬಿಟ್. ಆದರೆ ಅದು ಉಳಿದದ್ದು ಮೈನಸ್ 196 ಡಿಗ್ರಿಯ ಚಳಿಯಲ್ಲಿ. ಮರುವರ್ಷ ಐಬಿಎಂನವರು ಒಂದೇ ಹೋಲ್ಮಿಯಂ ಪರಮಾಣುವಿನಲ್ಲಿ ಒಂದು ಬಿಟ್ ಬರೆದು ಓದಿದರು. ಅದಕ್ಕೆ ಬೇಕಾದದ್ದು ದ್ರವ ಹೀಲಿಯಂನಷ್ಟು ಚಳಿ. ಡಿಎನ್ಎಯ ಹಾದಿ ಬೇರೆ. 2017ರಲ್ಲಿ ಯಾನಿವ್ ಅರ್ಲಿಕ್ ಮತ್ತು ಡೀನಾ ಜೀಲಿನ್ಸ್ಕಿ ಗ್ರಾಂಗೆ 215 ಪೆಟಾಬೈಟ್‌ನಷ್ಟು ಸಾಂದ್ರತೆ ಸಾಧಿಸಿ ತೋರಿಸಿದರು. ಬರೆಯುವುದು ನಿಧಾನ, ದುಬಾರಿ. ಬಾಳಿಕೆ ಮಾತ್ರ ಅಪಾರ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ ಮ್ಯಾಮತ್ ಡಿಎನ್ಎಯನ್ನು ಓದಲು ಸಾಧ್ಯವಾಗಿದೆ. ಅಲ್ಲಿಯೂ ಕಾಪಾಡಿದ್ದು ಚಳಿಯೇ.

ಯಂತ್ರ ಯಾವುದೇ ಇರಲಿ, ಪ್ರಕೃತಿಯ ಲೆಕ್ಕ ಏನು? 1961ರಲ್ಲಿ ರಾಲ್ಫ್ ಲ್ಯಾಂಡೌರ್ ಒಂದು ಬಿಟ್ ಅಳಿಸಲು ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕು ಎಂದು ತೋರಿಸಿದರು. ಕೋಣೆಯ ತಾಪದಲ್ಲಿ ಅದು ಒಂದು ಜೂಲ್‌ನ್ನು 1ರ ಮುಂದೆ 21 ಸೊನ್ನೆಗಳಷ್ಟು ಪಾಲು ಮಾಡಿದಾಗ ಸಿಗುವ ಸುಮಾರು ಮೂರು ಪಾಲು. 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಇದು ಪ್ರಯೋಗದಿಂದ ಖಚಿತವಾಯಿತು. 1981ರಲ್ಲಿ ಜೇಕಬ್ ಬೆಕೆನ್‌ಸ್ಟೈನ್ ಕೊನೆಯ ಗೆರೆಯನ್ನೇ ಎಳೆದರು: ಇಷ್ಟು ಗಾತ್ರ, ಇಷ್ಟು ಶಕ್ತಿ ಇರುವ ವಸ್ತು ಹಿಡಿಯಬಲ್ಲ ಮಾಹಿತಿಗೆ ಮೇರೆ ಇದೆ. ಆ ಮೇರೆಯನ್ನು ಮುಟ್ಟುವುದು ಕಪ್ಪುರಂಧ್ರ. ಅದರ ಸಾಮರ್ಥ್ಯ ಹೆಚ್ಚುವುದು ಗಾತ್ರದೊಂದಿಗಲ್ಲ, ಮೇಲ್ಮೈಯೊಂದಿಗೆ. ಚದರ ಮೀಟರಿಗೆ 1ರ ಮುಂದೆ 69 ಸೊನ್ನೆಗಳಷ್ಟು ಬಿಟ್. 2000ದಲ್ಲಿ ಸೇತ್ ಲಾಯ್ಡ್, ಒಂದು ಲೀಟರ್ ಜಾಗದಲ್ಲಿರುವ ಒಂದು ಕಿಲೋ ದ್ರವ್ಯ 1ರ ಮುಂದೆ 31 ಸೊನ್ನೆಗಳಷ್ಟು ಬಿಟ್ ಹಿಡಿಯಬಲ್ಲದು ಎಂದು ಲೆಕ್ಕ ಹಾಕಿದರು. ಆದರೆ ಆಗ ಅದು ದ್ರವ್ಯವಾಗಿ ಉಳಿಯುವುದಿಲ್ಲ. ಹತ್ತಾರು ಕೋಟಿ ಡಿಗ್ರಿ ತಾಪದ ಬೆಂಕಿಚೆಂಡಾಗಿರುತ್ತದೆ.

ಲಾಯ್ಡರ ಈ ಬಿಟ್ ಲೆಕ್ಕ ಸಾಫ್ಟ್‌ವೇರ್ ಜಗತ್ತಿನ ಒಂದು ಚರ್ಚೆಗೂ ಬಂತು. 64 ಬಿಟ್‌ಗಳ ವಿಳಾಸದಿಂದ ಗುರುತಿಸಬಹುದಾದದ್ದು ಸುಮಾರು 1.8 ಕೋಟಿ ಟೆರಾಬೈಟ್. ಅದು ಒಂದು ದಿನ ಸಾಲದಾಗುತ್ತದೆ ಎಂದು ಸನ್ ಮೈಕ್ರೋಸಿಸ್ಟಮ್ಸ್‌ನ ಜೆಫ್ ಬಾನ್ವಿಕ್ ಮತ್ತು ತಂಡ ತಮ್ಮ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯನ್ನು 128 ಬಿಟ್‌ಗೆ ರೂಪಿಸಿತು. ಅಷ್ಟು ಸಾಕೇ ಎಂಬ ಪ್ರಶ್ನೆಗೆ 2004ರಲ್ಲಿ ಬಾನ್ವಿಕ್ ಲಾಯ್ಡರ ಅಂಕಿಯಿಂದಲೇ ಉತ್ತರಿಸಿದರು: ಅಷ್ಟೂ ವಿಳಾಸ ತುಂಬಬೇಕಾದರೆ 13 ಕೋಟಿ ಟನ್‌ಗೂ ಹೆಚ್ಚು ದ್ರವ್ಯವನ್ನು ಶಕ್ತಿಯಾಗಿಸಬೇಕು, ಆ ಶಕ್ತಿಯಲ್ಲಿ ಭೂಮಿಯ ಸಮುದ್ರಗಳೆಲ್ಲ ಕುದಿದು ಆವಿಯಾಗುತ್ತವೆ. ಆ ಗುಣಾಕಾರ ನಾನೂ ಮಾಡಿ ನೋಡಿದ್ದೇನೆ, ಸರಿಯಾಗಿದೆ. ಆದರೆ ಅದು ಬೆಂಕಿಚೆಂಡಿನಲ್ಲಿ ಬರೆಯುವವರ ಲೆಕ್ಕ. ಲ್ಯಾಂಡೌರ್ ಹೇಳಿದ ಕನಿಷ್ಠ ಶಾಖದಲ್ಲಿ, ಕೋಣೆಯ ತಾಪದಲ್ಲಿ, ಅಷ್ಟೂ ಬಿಟ್‌ಗಳನ್ನು ಒಮ್ಮೆ ಅಳಿಸಿ ಬರೆಯಲು ಸಮುದ್ರ ಕುದಿಸುವ ಶಕ್ತಿಯ ಸುಮಾರು ಹತ್ತು ಲಕ್ಷದ ಒಂದು ಪಾಲು ಸಾಕು. ದ್ರವ್ಯ ಮಾತ್ರ ಲಾಯ್ಡರ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೇಕು, ಏಕೆಂದರೆ ತಣ್ಣಗಿನ ಪರಮಾಣುಗಳು ಅಷ್ಟು ಬಿಟ್ ಹೊರಲಾರವು.