ಗಂಜಿ, ಗಿರಣಿ ಮತ್ತು ಬೂಸಾ

ಮಾಧವರಂನ ನಮ್ಮ ಮನೆಯಲ್ಲಿ ಭಾನುವಾರದ ಬೆಳಗಿಗೆ ಗಂಜಿಯ ವಾಸನೆಯಿರುತ್ತದೆ. ಅನ್ನ ಬಸಿದ ತಿಳಿಯಲ್ಲಿ ಹತ್ತಿ ಸೀರೆಗಳನ್ನು ಅದ್ದಿ, ಹಿಂಡಿ, ಮಾಳಿಗೆಯ ಮೇಲೆ ಹರವುವುದು ಮೈಸೂರು ಸೀಮೆಯಿಂದ ನಾವು ಜೊತೆಯಲ್ಲಿ ತಂದ ರೂಢಿ. ಇಲ್ಲಿಂದ ದಕ್ಷಿಣಕ್ಕಿರುವ ಪೆರಂಬೂರಿನಲ್ಲಿ ಹಿಂದೆ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳಿದ್ದವು. 1918ರಲ್ಲಿ ಮದರಾಸು ಕಾರ್ಮಿಕ ಸಂಘ ಹುಟ್ಟಿದ್ದು ಆ ಗಿರಣಿಗಳ ಕೆಲಸಗಾರರ ನಡುವೆ. 1996ರಲ್ಲಿ ಅವು ಮುಚ್ಚಿಹೋದವು. ಕಾರ್ಮಿಕ ಸಂಘದ ಚರಿತ್ರೆಯನ್ನು ಬರೆದವರುಂಟು. ಗಂಜಿಗೂ ಒಂದು ಚರಿತ್ರೆಯಿದೆಯೆಂಬುದು ನಮಗೆ ಬಹುಕಾಲ ಹೊಳೆದಿರಲಿಲ್ಲ.

ಮಗ್ಗದ ಏಟಿಗೆ ಹಾಸಿನ ನೂಲು ಹರಿಯದಿರಲೆಂದು ಅದಕ್ಕೆ ಗಂಜಿ ಹಿಡಿಸುತ್ತಾರೆ. ನೇಯ್ದಾದ ಮೇಲೆ ಅದೇ ಗಂಜಿ ಶತ್ರು. ಅದನ್ನು ತೆಗೆಯದೆ ಬಟ್ಟೆಗೆ ಬಣ್ಣ ಹಿಡಿಯದು. ಆಮ್ಲದಿಂದ ತೆಗೆಯಹೋದರೆ ನೂಲೂ ಸವೆಯುತ್ತದೆ. ನೂಲನ್ನು ಮುಟ್ಟದೆ ಪಿಷ್ಟವನ್ನಷ್ಟೇ ಕತ್ತರಿಸಬಲ್ಲ ವಸ್ತು ಮೊಳಕೆಯಲ್ಲಿದೆಯೆಂಬುದನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ತೋರಿಸಿದರು. ಮೊಳೆತ ಬಾರ್ಲಿಯಿಂದ ಬೇರ್ಪಡಿಸಿದ ಆ ಕಿಣ್ವಕ್ಕೆ ಅವರು ‘ಡಯಾಸ್ಟೇಸ್’ ಎಂದು ಹೆಸರಿಟ್ಟರು.

ಆದರೆ ಇಲ್ಲೊಂದು ಪೇಚು. ಪಿಷ್ಟದ ಕಣ ಬಿಚ್ಚಿಕೊಳ್ಳಬೇಕಾದರೆ ಬಿಸಿ ಬೇಕು. ಬಿಸಿ ಏರಿದರೆ ಮೊಳಕೆಯ ಕಿಣ್ವವೇ ಸಾಯುತ್ತದೆ. ಬೀಗ ಕಾದಾಗಲೇ ತೆರೆಯಬೇಕು, ಕೀಲಿಯೋ ಕಾವಿಗೆ ಕರಗುತ್ತದೆ. ಬ್ವಾದೆನ್ ಮತ್ತು ಎಫ್ರಾಂ 1917ರಲ್ಲಿ ಬ್ಯಾಕ್ಟೀರಿಯಾದ ಅಮೈಲೇಸಿಗೆ ಪೇಟೆಂಟ್ ಪಡೆದದ್ದು ಬಟ್ಟೆಯ ಗಂಜಿ ತೆಗೆಯುವುದಕ್ಕಾಗಿಯೇ. ಮುಂದೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಮಣ್ಣಿನ ಜೀವಿ ಒದಗಿಸಿದ ಕಿಣ್ವ 100 ಡಿಗ್ರಿಯ ಆಸುಪಾಸಿನಲ್ಲೂ ದುಡಿಯಿತು. ತಾನು ಬಾಳಲಾರದ ಕಾವಿನಲ್ಲಿ ಬಾಳುವ ಕಿಣ್ವವನ್ನು ಆ ಜೀವಿ ಹೆರುತ್ತದೆ.

ಇಂಗ್ಲಿಷ್ ಓದಿದ ನಮಗೆ ಅಮೆರಿಕದ ಯೆಲ್ಲೊಸ್ಟೋನಿನ ಕಥೆ ಮೊದಲು ತಿಳಿದಿತ್ತು: ಬಿಸಿನೀರ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಜೀವಿಗಳನ್ನು ಕಂಡದ್ದು, 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಕುರಿತು ಪ್ರಕಟಿಸಿದ್ದು. ಮೈಸೂರಿನಲ್ಲಿದ್ದಷ್ಟು ಕಾಲ ಚೆಲುವಾಂಬ ಅರಮನೆಯ ಮುಂದೆಯೇ ಓಡಾಡಿದ್ದೆವು. ಒಳಗೆ ನಡೆದದ್ದನ್ನು ಕೇಳಲಿಲ್ಲ. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎಂ. ವಿ. ರಮೇಶ್ ಮತ್ತು ಬಿ. ಕೆ. ಲೋನ್ಸಾನೆ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ಲೈಕೆನಿಫಾರ್ಮಿಸನ್ನು ತೇವದ ಗೋಧಿ ಬೂಸಾದಲ್ಲಿ ಬೆಳೆಸಿದರು. ದೊಡ್ಡ ತೊಟ್ಟಿಗಳ ದ್ರವದಲ್ಲಿ ಬೆಳೆಸಿದಾಗ, ಪಿಷ್ಟ ಒಡೆದು ಹುಟ್ಟುವ ಸಕ್ಕರೆಯೇ ಕಿಣ್ವದ ಉತ್ಪಾದನೆಗೆ ಕಡಿವಾಣ ಹಾಕುತ್ತದೆ. ಬೂಸಾದಲ್ಲಿ ಆ ಕಡಿವಾಣ ಸಡಿಲವಾಯಿತು. ದನದ ಮೇವು ಒಂದು ದುಬಾರಿ ಉದ್ಯಮವನ್ನು ಅಗ್ಗ ಮಾಡುವ ದಾರಿ ತೋರಿತ್ತು. 1973ರ ನಂತರ ‘ಬೂಸಾ’ ಎಂಬ ಮಾತಿಗೆ ಬೆಚ್ಚುವ ನಾವು ಸಾಹಿತ್ಯದವರು ಇದನ್ನಾದರೂ ತಿಳಿದಿರಬೇಕಿತ್ತು.

ಅದೇ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಮೊಳಕೆ ರಾಗಿಯನ್ನು ಪರೀಕ್ಷಿಸಿದರು. ಮೊಳಕೆಯ ಅಮೈಲೇಸ್ ಅಂಬಲಿಯನ್ನು ತೆಳುವಾಗಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಕೂಸು ನುಂಗಬಲ್ಲದು. ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸೇರುತ್ತದೆ. ನಮ್ಮ ಅಜ್ಜಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಒಣಗಿಸುತ್ತಿದ್ದುದನ್ನು ನಾವು ಬರಿಯ ಸಂಪ್ರದಾಯವೆಂದುಕೊಂಡಿದ್ದೆವು. ಕೇಳಿದ್ದರೆ ಕಾರಣವನ್ನು ತಮ್ಮ ಮಾತಿನಲ್ಲೇ ಹೇಳುತ್ತಿದ್ದರೇನೋ. ಈಗ ಕೇಳಲು ಅವರಿಲ್ಲ.

ಮಾಧವರಂ ಹಾಲಿನ ಕಾಲೊನಿಯ ದಾರಿಯಲ್ಲಿ ಬೂಸಾ ಮೂಟೆ ಹೊತ್ತ ಗಾಡಿ ಎದುರಾದರೆ ಈಗ ನಾವು ಸ್ವಲ್ಪ ಸರಿದು, ನಿಂತು, ನೋಡುತ್ತೇವೆ.