ಒಳಕಲ್ಲಿನ ಗುಳಿ ಯಾರ ಚರಿತ್ರೆ?

ರಾಜರ ಕೋಟೆ ಕೊತ್ತಲಗಳ ಚರಿತ್ರೆಯನ್ನು ನಾವು ಬಾಯಿಪಾಠ ಮಾಡಿ ಪಾಸಾದೆವು. ನಮ್ಮವ್ವ ದಿನಾ ಕೂತು ರುಬ್ಬಿದ ಒಳಕಲ್ಲಿಗೂ ಒಂದು ಚರಿತ್ರೆ ಇದೆ ಅಂತ ಯಾವ ಪಾಠದಲ್ಲೂ ಬರಲಿಲ್ಲ. ಅದನ್ನು ನಮಗೆ ಕಾಣಿಸಿದವರು ಒಬ್ಬ ಕಲಾವಿದೆ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜು. ಅಷ್ಟೆಲ್ಲ ಚಿತ್ರ ಬರೆಯೋದು ಕಲಿತವರು 1990ರ ದಶಕದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿಗೆ ಕೈ ಹಾಕಿದರು. ಸೂಜಿ, ದಾರ, ಕುಂಕುಮ, ಟಾರಿನ ಡ್ರಮ್ಮು, ತಲೆಗೂದಲ ಹಗ್ಗ ಎಲ್ಲವನ್ನೂ ಕಲೆಯ ಒಳಕ್ಕೆ ಕರೆದರು. 2012ರಲ್ಲಿ ಕೊಚ್ಚಿಯ ಮೊದಲ ಬಿನಾಲೆಗೆ, ಸ್ವಿಟ್ಜರ್‌ಲೆಂಡ್ ಮೂಲದ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್ ಜೊತೆಗೂಡಿ, ಬೆಂಗಳೂರಿನ ಬೀದಿಬದಿ ಅನಾಥವಾಗಿ ಬಿದ್ದಿದ್ದ ನೂರಕ್ಕೂ ಹೆಚ್ಚು ಒಳಕಲ್ಲುಗಳನ್ನು ಹೊತ್ತು ತಂದಿಟ್ಟರು. ಕೃತಿಯ ಹೆಸರು 'ಸ್ಟಾಪ್‌ಓವರ್'. ಅಂದರೆ, ದಾರಿ ನಡುವಿನ ತಂಗುದಾಣ.

ನಾವು ಕೊಚ್ಚಿಗೆ ಹೋದವರಲ್ಲ, ಫೋಟೋ ನೋಡಿದವರು. ನೋಡಿದಾಗ ಮೊದಲು ಬಂದದ್ದು ನಗು. ಇದೂ ಒಂದು ಕಲೆಯಾ? ಹಿತ್ತಲಲ್ಲಿ ಕೋಳಿ ನೀರು ಕುಡಿಯೋ ಕಲ್ಲು!

1917ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಮಾರ್ಸೆಲ್ ದುಶಾಂ ಎಂಬಾತ ಉಚ್ಚೆ ಹೊಯ್ಯುವ ಪಿಂಗಾಣಿ ತೊಟ್ಟಿಯನ್ನೇ ಕಲಾಕೃತಿ ಅಂತ ಕಳಿಸಿದ. ಅವರು ಅದನ್ನು ಪ್ರದರ್ಶನಕ್ಕಿಡಲಿಲ್ಲ. ಬಳಕೆಯ ವಸ್ತು ಕಲೆಯಾಗೋದು ಅಲ್ಲಿಂದ ಬೆಳೆದು ಬಂದ ದಾರಿ. ಆದರೆ ಆ ತೊಟ್ಟಿ ಕಾರ್ಖಾನೆಯ ಹೊಸ ಮಾಲು. ಒಳಕಲ್ಲು ಹಾಗಲ್ಲ. ಅದರ ಗುಳಿ ನುಣ್ಣಗಾದದ್ದು ಹೆಂಗಸರ ರಟ್ಟೆಯಿಂದ. ಕಲಾವಿದರು ಮುಟ್ಟೋಕೆ ಮುಂಚೆಯೇ ಅದರ ಮೇಲೆ ಕೆತ್ತನೆ ಮುಗಿದಿತ್ತು.

ಆ ಕಲ್ಲುಗಳು ಬೀದಿಗೆ ಬಂದದ್ದು ಹೇಗೆ? ಅದರ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಅದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಕಂಬದ ಕೆಳಗಿದ್ದ ನಮ್ಮ ಕೇರಿಗಳಲ್ಲಿ ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯೇ ಉರಿಯಿತು. ಮುಂದೆ ಕರೆಂಟಿನ ಹಿಂದೆ ಮಿಕ್ಸಿ ಬಂತು, ಗ್ರೈಂಡರ್ ಬಂತು, ಕಲ್ಲಿಗೆ ಜಾಗವಿಲ್ಲದ ಸಣ್ಣ ಮನೆಗಳು ಬಂದವು. ಅನ್ನ ಕೊಟ್ಟ ಕಲ್ಲನ್ನು ಒಡೆಯೋಕೂ ಮನಸ್ಸು ಬರದೆ ಜನ ಮರದ ಬುಡದಲ್ಲಿ ಬಿಟ್ಟರು. ಮಂಡ್ಯ, ಮದ್ದೂರಿನ ಬೀದಿಗಳಲ್ಲೂ ಇದನ್ನು ಕಂಡಿದ್ದೇವೆ.

ಹಾಗಂತ ಕಲ್ಲಿನ ಕಾಲವೇ ಚೆಂದ ಅಂತ ಅಳೋದು ಬೇಡ. ನಮ್ಮವ್ವನ ರಟ್ಟೆನೋವು ತಗ್ಗಿಸಿದ್ದು ಮಿಕ್ಸಿಯೇ. ಇನ್ನೊಂದು ನೋವಿದೆ, ಅದು ಮಿಕ್ಸಿಗೆ ತಗ್ಗದ್ದು. ನಮ್ಮಜ್ಜಿ ಊರ ದೊಡ್ಡಮನೆಯೊಂದರ ಹಿತ್ತಲಲ್ಲಿ ರಾಗಿ ಕೇರಿಕೊಟ್ಟು ಬರೋಳು. ಒಣಕಾಳು ಮುಟ್ಟಿದರೆ ಮೈಲಿಗೆಯಿಲ್ಲ. ಒಳಗಿನ ಒಳಕಲ್ಲಿನ ಹಸಿ ಹಿಟ್ಟು ಮುಟ್ಟಿದರೆ ಮೈಲಿಗೆ! ಅದೇ ಕೈ, ಅದೇ ಬೆವರು. ಕಾಳಿಗೆ ನೀರು ಬಿದ್ದ ಕೂಡಲೇ ಜಾತಿ ಎದ್ದು ಕೂರ್ತಿತ್ತು.

ಕಲ್ಲು ಕಡೆದವರೂ ಹೊರಗೇ ನಿಂತರು. ಉಳಿ ಸುತ್ತಿಗೆ ಹಿಡಿದು ಬೀದಿ ಬೀದಿ ಕೂಗುತ್ತಾ, ಸವೆದ ಕಲ್ಲಿಗೆ ಮತ್ತೆ ಮುಳ್ಳು ಹುಯ್ದು ಕೊಡುತ್ತಿದ್ದ ವಡ್ಡರ ಮಂದಿ ಹೊಡೆದದ್ದು ಅದೆಷ್ಟು ಏಟು? ಕೊಚ್ಚಿಯ ಕೃತಿಯ ಕೆಳಗೆ ಇಬ್ಬರ ಹೆಸರಿದೆ. ಕಡೆದವರ ಹೆಸರು, ರುಬ್ಬಿದವರ ಹೆಸರು ಇಲ್ಲ. ಇದು ಆ ಇಬ್ಬರ ತಪ್ಪಲ್ಲ. ಹೆಸರು ಬರೆದಿಡದ ಸಮಾಜದ ತಪ್ಪು. ಅವರು ಮಾಡಿದ್ದು ಬಿಸಾಕಿದ್ದನ್ನು ಎತ್ತಿ ನಮ್ಮ ಕಣ್ಣ ಮುಂದೆ ಇಟ್ಟದ್ದು. ಅಷ್ಟು ಸಾಕು. ಮಿಕ್ಕದ್ದು ನಮ್ಮ ಕೆಲಸ.

ಮೇಷ್ಟ್ರುಗಳೇ, ನಾಳೆ ಮಕ್ಕಳನ್ನು ಊರೊಳಕ್ಕೂ ಕೇರಿಯೊಳಕ್ಕೂ ಕಳಿಸಿ. ಒಳಕಲ್ಲು ಎಲ್ಲೆಲ್ಲಿವೆ ಎಣಿಸಿ ಬರಲಿ. ಕಡೆದವರು ಯಾರು, ರುಬ್ಬಿದವರು ಯಾರು, ಉಂಡವರು ಯಾರು, ಮುಟ್ಟಬೇಡ ಅಂದವರು ಯಾರು ಅಂತ ಮುದುಕಿಯರನ್ನು ಕೇಳಿ ನೋಟುಬುಕ್ಕಿನಲ್ಲಿ ಬರೆಯಲಿ. ಹೇಳುವ ಮುದುಕಿಯರು ಇನ್ನೂ ಬದುಕಿದ್ದಾರೆ. ತಡಮಾಡಬೇಡಿ.