ಹರಿಗೋಲು ನೀರಿಗಿಳಿಯುವ ಮುನ್ನ

ಕಡಲಿಲ್ಲದ ನಮ್ಮ ತೆಂಗಿನ ಸೀಮೆಗೆ ಬೋರನಕಣಿವೆಯೇ ಕಡಲು. ಸುವರ್ಣಮುಖಿಗೆ ಕಟ್ಟಿದ ಈ ಜಲಾಶಯದಂತಹ ಒಳನಾಡಿನ ನೀರಿನಲ್ಲಿ ಬೆಸ್ತರಿಗೆ ಆಸರೆಯಾಗಿರುವುದು ಹರಿಗೋಲು. ಅದರ ಇತಿಹಾಸ ದೀರ್ಘವಾದುದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಾಗಿದ್ದು, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಇದ್ದ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನ ತುಂಗಭದ್ರೆಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಾಲಾಂತರದಲ್ಲಿ ತೊಗಲು ಹೋಗಿ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ ಹಾಳೆ, ಫೈಬರ್ ಬಂದವು. ಸಿದ್ಧತೆಯ ಅಗತ್ಯ ಮಾತ್ರ ಉಳಿದೇ ಇದೆ.

ಮೊದಲು ಹರಿಗೋಲನ್ನು ಬೋರಲು ಹಾಕಿ ತಳವನ್ನು ಕೈಯಿಂದ ಸವರಿ ನೋಡಬೇಕು. ಸಡಿಲಿದ ಬಿದಿರ ದಬ್ಬೆಯನ್ನು ಬಿಗಿದು, ತೂತಿಗೆ ತೇಪೆ ಹಾಕಿ, ಡಾಂಬರು ಬಳಿದು ಒಣಗಿಸಬೇಕು. ಬಲೆಯನ್ನು ಸಿಕ್ಕಿಲ್ಲದಂತೆ ಮಡಿಸಿಡಬೇಕು. ನಡುನೀರಿನಲ್ಲಿ ಅದು ಕಾಲಿಗೆ ತೊಡರಿದರೆ ಈಜು ಬಲ್ಲವನೂ ಮುಳುಗುತ್ತಾನೆ. ಹುಟ್ಟು, ನೀರು ಮೊಗೆಯುವ ಡಬ್ಬ, ಜೀವರಕ್ಷಕ ಅಂಗಿ ಇವು ಜೊತೆಗಿರಬೇಕು. ಗಾಳಿ ಎದ್ದರೆ ಅಂದಿನ ಮೀನಿನ ಆಸೆಯನ್ನೇ ಬಿಡಬೇಕು.

1986ರಲ್ಲಿ, ಬರದಿಂದ ಗಲಿಲೇಯ ಸರೋವರದ ನೀರು ಇಳಿದಾಗ, ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ದೋಣಿಯೊಂದು ಕೆಸರಿನಲ್ಲಿ ದೊರೆಯಿತು. ಹತ್ತು ಬಗೆಗೂ ಮಿಕ್ಕಿದ ಮರದ ತುಂಡುಗಳಿಂದ ಅದನ್ನು ಮತ್ತೆ ಮತ್ತೆ ದುರಸ್ತಿ ಮಾಡಲಾಗಿತ್ತು. ಸಂತ ಪೇತ್ರರ ಕಾಲದ ಬೆಸ್ತರಿಗೂ ನಮ್ಮ ಬೆಸ್ತರಿಗೂ ಇರುವ ನಂಟು ಈ ತೇಪೆಯಲ್ಲಿದೆ ಎಂದು ನಾವು ಭಾವಿಸುತ್ತೇವೆ. ದಡದಲ್ಲಿ ತಾಳ್ಮೆಯಿಂದ ಕಳೆದ ಆ ಒಂದು ಗಳಿಗೆಯನ್ನು ನಂಬಿಯೇ ಮನೆಯವರು ಸಂಜೆಗೆ ದಾರಿ ಕಾಯುತ್ತಾರೆ.